ಹೆರಾಲ್ಡಿನ ತಮ್ಮ ಸ್ಪಿಟ್‌ಫೈರ್

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯವರು ನೀವಾಗಿದ್ದು, ವಯಸ್ಸು ಐವತ್ತು ದಾಟಿದ್ದರೆ, ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಮೋಟಾರುಗಾಡಿ ನಿಮಗೆ ನೆನಪಿದ್ದೀತು. ನಾನು ಹುಡುಗನಾಗಿದ್ದಾಗ ಅಂಥದೊಂದು ಮಧುಗಿರಿಯಲ್ಲಿ ಕೆಟ್ಟು ನಿಂತಿತು. ರಿಪೇರಿಯವನು ಬಂದು ಅದರ ಮೂತಿಯನ್ನು ಹಿಡಿದೆತ್ತಿದ. ದೀಪ, ಮಡ್‌ಗಾರ್ಡುಗಳ ಸಮೇತ ಮುಂಭಾಗವೆಲ್ಲ ಮುಂದಕ್ಕೆ ಮಗುಚಿಕೊಂಡಿತು. ಆತ ಚಕ್ರದ ಮೇಲೆ ಜಗಲಿಯ ಮೇಲೆ ಕುಳಿತಂತೆ ಕುಳಿತು ಎಂಜಿನ್ನನ್ನು ಬಿಚ್ಚತೊಡಗಿದ. ಬೆಟ್ಟ ನೋಡಲು ಬಂದವರೂ ನಿಂತು ಇದನ್ನೇ ನೋಡಿದರು.

ಆ ಕಾರಿಗೆ ಇಂಗ್ಲೆಂಡಿನಲ್ಲಿ ಒಬ್ಬ ತಮ್ಮನಿದ್ದ. ಇಬ್ಬರು ಮಾತ್ರ ಕೂರಬಹುದಾದ, ಮೇಲ್ಛಾವಣಿ ತೆರೆದ ಕ್ರೀಡಾಕಾರು. ಟ್ರಯಂಫ್ ಸ್ಪಿಟ್‌ಫೈರ್ ಎಂದು ಅದರ ಹೆಸರು. ಮಹಾಯುದ್ಧದ ಯುದ್ಧವಿಮಾನದ ಹೆಸರನ್ನೇ ಅದಕ್ಕಿಟ್ಟರು.

ಅಣ್ಣನ ಹುಟ್ಟಿಗೆ ಕಾರಣ ಒಂದು ಅಡಚಣೆ. ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ಕಾರಿನ ಮೈ ಮಾಡಿಕೊಡುತ್ತಿದ್ದ ಕಾರ್ಖಾನೆ 1953ರಲ್ಲಿ ಎದುರಾಳಿಯ ಕೈಸೇರಿತು. ಇಡೀ ಮೈಯನ್ನು ಒಂದೇ ಕಡೆ ಮಾಡಿಸುವಂತಿರಲಿಲ್ಲ. ಆದ್ದರಿಂದ ಗಟ್ಟಿಯಾದ ಚೌಕಟ್ಟೊಂದನ್ನು ಕೆಳಗಿಟ್ಟು, ಬೇರೆ ಬೇರೆ ಕಡೆ ಮಾಡಿಸಿದ ಭಾಗಗಳನ್ನು ಅದರ ಮೇಲೆ ಬೋಲ್ಟು ಹಾಕಿ ಕೂಡಿಸಿದರು. ಇಟಲಿಯ ಮಿಕೆಲೊಟ್ಟಿ ರೂಪ ಕೊಟ್ಟ. 1959ರಲ್ಲಿ ಹೆರಾಲ್ಡ್ ಹೊರಬಂತು. ಅದೇ ಚೌಕಟ್ಟನ್ನು ಮೊಟಕುಮಾಡಿ ಆತನೇ ಕ್ರೀಡಾಕಾರಿನ ಮಾದರಿಯನ್ನೂ ಮಾಡಿದ. ಆದರೆ ಕಂಪನಿಯಲ್ಲಿ ಹಣವಿರಲಿಲ್ಲ. ಮಾದರಿ ಮುಸುಕು ಹೊದ್ದು ಮೂಲೆ ಸೇರಿತು. 1961ರಲ್ಲಿ ಕಂಪನಿಯನ್ನು ಕೊಂಡ ಲೇಲ್ಯಾಂಡಿನವರು ಮುಸುಕನ್ನೆತ್ತಿ ನೋಡಿ ಒಪ್ಪಿದರು. 1962ರ ಅಕ್ಟೋಬರಿನಲ್ಲಿ ಸ್ಪಿಟ್‌ಫೈರ್ ಲಂಡನ್ ಪ್ರದರ್ಶನಕ್ಕೆ ಬಂತು. ಎಂಜಿನ್ನು 1147 ಸಿ.ಸಿ., ಶಕ್ತಿ 63 ಅಶ್ವಬಲ. ಇದೇನು ಮಹಾವೇಗವಲ್ಲ. ಆದರೆ ಬಾಗಿಲಾಚೆ ಕೈ ಚಾಚಿದರೆ ನೆಲ ಮುಟ್ಟೀತೋ ಎನ್ನುವಷ್ಟು ತಗ್ಗಿನಲ್ಲಿ ಕುಳಿತವನಿಗೆ ಗಂಟೆಗೆ ಅರುವತ್ತು ಕಿಲೋಮೀಟರೂ ನೂರರಂತೆ ತೋರುತ್ತದೆ. ಕಡಿಮೆ ಸಂಬಳದ ತರುಣನಿಗೆ ಅದಕ್ಕಿಂತ ಇನ್ನೇನು ಬೇಕು?

ಅಣ್ಣತಮ್ಮಂದಿರಿಬ್ಬರಿಗೂ ಒಂದೇ ದೋಷವಿತ್ತು. ಹಿಂದಿನ ಚಕ್ರಗಳ ಅಚ್ಚು ಒಂದೇ ದಂಡವಲ್ಲ. ನಡುವಿನಿಂದ ರೆಕ್ಕೆಗಳಂತೆ ಮೇಲೆ ಕೆಳಗೆ ಆಡುವ ಎರಡು ತುಂಡು, ಅಡ್ಡಲಾಗಿ ಒಂದು ಪಟ್ಟಿ ಸ್ಪ್ರಿಂಗು. ಒಂದು ಚಕ್ರ ಹೊಂಡಕ್ಕಿಳಿದರೆ ಇನ್ನೊಂದಕ್ಕೆ ಅದರ ಗೊಡವೆಯಿಲ್ಲ. ಆದರೆ ತಿರುವಿನಲ್ಲಿ ವೇಗವಾಗಿ ಹೋಗುತ್ತ, ಹೆದರಿ ಫಕ್ಕನೆ ಕಾಲೆತ್ತಿದಿರೋ, ಹಿಂಭಾಗ ಎದ್ದು, ಹೊರಗಣ ಚಕ್ರ ಗಾಡಿಯಡಿಗೆ ಮಡಿಚಿಕೊಳ್ಳುತ್ತದೆ, ಹಿಡಿತ ತಪ್ಪುತ್ತದೆ. ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು ಇರುವ ನಮ್ಮ ಕೆರೆ ಏರಿಯ ರಸ್ತೆಗಳನ್ನು ನೆನೆದುಕೊಳ್ಳಿ. ಎಚ್ಚರ ಬಂದಾಗಲೇ ಕಾಲೆತ್ತುವುದು ಮನುಷ್ಯಸ್ವಭಾವ. ಈ ಗಾಡಿ ಅದನ್ನೇ ಸಹಿಸದು.

ಇದಕ್ಕೆ ಎರಡು ಊರಿನವರು ಎರಡು ಮದ್ದು ಕಂಡರು. ಇಂಗ್ಲೆಂಡಿನಲ್ಲಿ 1970ರ ಸ್ಪಿಟ್‌ಫೈರಿಗೆ, ಸ್ಪ್ರಿಂಗಿನ ಬಹುಪಾಲು ಪಟ್ಟಿಗಳು ತಕ್ಕಡಿಯಂತೆ ನಡುವೆ ಓಲುವ ಹಾಗೆ ಮಾಡಿದರು. ಚಕ್ರ ಮಡಿಚಿಕೊಳ್ಳುವುದು ಬಹುಮಟ್ಟಿಗೆ ನಿಂತಿತು. ಮದರಾಸಿನಲ್ಲಿ 1961ರಿಂದ ಹೆರಾಲ್ಡ್ ತಯಾರಾಗುತ್ತಿತ್ತಷ್ಟೆ. ಪಂಡಿತಿಕೆ ಮಾಡುವವನ ಮಾತಿನಲ್ಲಿ ಹೇಳುವುದಾದರೆ, ಅಲ್ಲಿ ತತ್ಸಮವು ತದ್ಭವವಾಗುತ್ತ ಬಂತು. ಮನೆಮಂದಿಯೆಲ್ಲ ಹತ್ತಿಳಿಯಬೇಕಲ್ಲ, ಇಂಗ್ಲೆಂಡಿನಲ್ಲಿ ಎರಡೇ ಬಾಗಿಲಿದ್ದ ಕಾರಿಗೆ ಇಲ್ಲಿ ನಾಲ್ಕು ಬಂದವು. 1972ರಲ್ಲಿ ಬಂದ ಗಜೆಲ್ ಎಂಬ ರೂಪದಲ್ಲಿ, ಕೊಳ್ಳುವವರಿಗೂ ರಿಪೇರಿಯವರಿಗೂ ಹಿಡಿಸದ ಆ ರೆಕ್ಕೆಯಚ್ಚನ್ನೇ ಕಿತ್ತು, ಹಳೆಯ ಪದ್ಧತಿಯ ಗಟ್ಟಿ ಅಚ್ಚನ್ನು ಹಾಕಿದರು. ಇಂಗ್ಲೆಂಡಿನವರಿಗೆ ಇದು ಹಿನ್ನಡೆಯಾಗಿ ಕಂಡೀತು. ಪಾವಗಡದ ದಾರಿಯಲ್ಲಿ ಲಾರಿಗೆ ಅಚ್ಚು ಕಟ್ಟಬಲ್ಲವನು ಇದನ್ನೂ ಕಟ್ಟಬಲ್ಲನೆಂಬುದನ್ನು ನೆನೆದರೆ ನನಗೆ ಹಾಗೆನ್ನಿಸದು.

ಗಜೆಲ್ 1977ರಲ್ಲಿ ನಿಂತಿತು. ಮೂರು ಲಕ್ಷಕ್ಕೂ ಹೆಚ್ಚು ಸ್ಪಿಟ್‌ಫೈರುಗಳು ಹೊರಬಿದ್ದ ಮೇಲೆ, 1980ರಲ್ಲಿ, ತಮ್ಮನೂ ನಿಂತ. ಉಳಿದವುಗಳನ್ನು ಸಾಕಿಕೊಂಡಿರುವವರು ಇಂದಿಗೂ ಆ ಮೂತಿಯನ್ನೆತ್ತಿ, ಚಕ್ರದ ಮೇಲೆ ಕುಳಿತೇ ಎಂಜಿನ್ನಿಗೆ ಕೈಹಾಕುತ್ತಾರೆ.