ಮೋಟಾರ್ ರೇಸ್: ಗೆದ್ದವರ ಹೆಸರಷ್ಟೇ ಸಾಕೆ?



ಮೋಟಾರ್ ರೇಸ್ ಎಂದ ಕೂಡಲೇ ನಿಮ್ಮಲ್ಲಿ ಕೆಲವರು "ಅದು ಶ್ರೀಮಂತರ ಆಟ, ನಮಗೇಕೆ?" ಎಂದು ಪುಟ ತಿರುಗಿಸಲು ಹೊರಟಿರಬಹುದು. ದಯವಿಟ್ಟು ಸ್ವಲ್ಪ ತಾಳಿ. ಇಂದಿನ ಮಾತು ಮೋಟಾರಿನ ಬಗ್ಗೆ ಅಲ್ಲ. ಆ ಓಟವನ್ನು ನಮಗೆ ತಲುಪಿಸುವ ಬರಹದ ಬಗ್ಗೆ.

ದೇಶದ ಹೆಸರಾಂತ ರೇಸ್ ಪಥಗಳು ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರು, ಗ್ರೇಟರ್ ನೋಯ್ಡಾಗಳಲ್ಲಿವೆ. ಚಿಂಚೋಳಿಯ ಮಗ್ಗುಲಲ್ಲಿರುವ ಚಂದಾಪುರದ ತರುಣನೊಬ್ಬ, ಅಥವಾ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನ ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗ ಅಲ್ಲಿಗೆ ಹೋಗಿ ರೇಸ್ ನೋಡುವುದು ಸುಲಭವಲ್ಲ. ಟಿಕೆಟ್ಟಿಗೂ ಪ್ರಯಾಣಕ್ಕೂ ಆಗುವ ಖರ್ಚು ಅವನ ಕೈಗೆ ನಿಲುಕುವುದಿಲ್ಲ. ಮೊಬೈಲಿನಲ್ಲಿ ಎರಡು ನಿಮಿಷದ ತುಣುಕು ಸಿಗಬಹುದು. ಆದರೆ ಏನಾಯಿತು, ಏಕಾಯಿತು ಎಂಬುದನ್ನು ತನ್ನ ಭಾಷೆಯಲ್ಲಿ ತಿಳಿಯಲು ಅವನಿಗಿರುವ ದಾರಿ ಪತ್ರಿಕೆ ಮತ್ತು ವಾರ್ತೆ. ಅಲ್ಲಿ ಅವನಿಗೆ ದೊರೆಯುವುದೇನು? ಬಹುಪಾಲು ನಾಲ್ಕು ಸಾಲು. ಇಂಥವರು ಪ್ರಥಮ, ಇಂಥವರು ದ್ವಿತೀಯ, ಪ್ರಾಯೋಜಕರ ಹೆಸರು, ಕಪ್ ಹಿಡಿದ ಒಂದು ಚಿತ್ರ. ರೇಸ್ ಪ್ರಿಯರ ಬೇಸರ ಇರುವುದು ಇಲ್ಲಿ. ಜಾಗ ಕಡಿಮೆ ಎಂಬುದಕ್ಕಿಂತ, ಕೊಟ್ಟ ಜಾಗದಲ್ಲಿ ಓಟವೇ ಇರುವುದಿಲ್ಲ ಎಂಬುದು ಅವರ ದೂರು.

ಓಟದ ಸುದ್ದಿ ಹೇಗಿರಬೇಕು ಎಂಬುದನ್ನು ನಮ್ಮ ಭಾಗದ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾರಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಸಂಜೆ ಕರಿ ಹರಿಯುತ್ತಾರೆ. ಗೆದ್ದ ಎತ್ತಿನ ಬಣ್ಣ ನೋಡಿ ಈ ವರ್ಷ ಮುಂಗಾರಿ ಚೆಂದವೋ ಹಿಂಗಾರಿ ಚೆಂದವೋ ಎಂದು ಲೆಕ್ಕ ಹಾಕುತ್ತಾರೆ. ಅಂದು ರಾತ್ರಿ ಕಟ್ಟೆಯ ಮೇಲೆ ಒಬ್ಬನು "ಬಿಳಿ ಎತ್ತು ಗೆದ್ದಿತು" ಎಂದಷ್ಟೇ ಹೇಳಿ ಎದ್ದು ಹೋದರೆ ಕುಳಿತ ಹಿರಿಯರು ಬಿಟ್ಟಾರೆಯೇ? "ಯಾರ ಎತ್ತು? ಏನು ಮೇಯಿಸಿದ್ರು? ಅಗಸಿತನಕ ಹಿಂದ ಇದ್ದದ್ದು ಮುಂದ ಹೆಂಗ ಬಂತು?" ಎಂದು ಕೇಳಿಯೇ ಕೇಳುತ್ತಾರೆ. ಈ "ಹೆಂಗ" ಎಂಬ ಪ್ರಶ್ನೆಗೆ ಉತ್ತರ ಕೊಡುವುದೇ ರೇಸ್ ವರದಿಗಾರನ ಕೆಲಸ. ಅದಿಲ್ಲದ ಅಂಕಿ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಕೆಲವು ಉದಾಹರಣೆಗಳನ್ನು ನೋಡೋಣ.

2005ರ ಜೂನ್ 19ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಫಾರ್ಮುಲಾ ಒನ್ ರೇಸಿನಲ್ಲಿ ನಮ್ಮ ದೇಶದ ನಾರಾಯಣ್ ಕಾರ್ತಿಕೇಯನ್ ನಾಲ್ಕನೆಯವರಾದರು. ಅಷ್ಟೇ ಓದಿದವರಿಗೆ ವಿಶ್ವದ ಘಟಾನುಘಟಿಗಳನ್ನೆಲ್ಲ ಅವರು ಹಿಂದೆ ಹಾಕಿದರೆಂದು ಅನ್ನಿಸುತ್ತದೆ. ಆದರೆ ಅಂದು ನಿಜವಾಗಿ ಓಡಿದ್ದು ಆರೇ ಕಾರು. ಮಿಶೆಲಿನ್ ಟೈರುಗಳು ಆ ಪಥದ ಇಳಿಜಾರು ತಿರುವಿನ ಒತ್ತಡ ತಾಳಲಾರವು ಎಂದು ಗೊತ್ತಾದುದರಿಂದ 14 ಕಾರುಗಳು ಓಟ ಆರಂಭವಾಗುವ ಮುನ್ನವೇ ಹಿಂದೆ ಸರಿದವು. ಇದು ಕಾರ್ತಿಕೇಯನ್ ಅವರ ತಪ್ಪಲ್ಲ. ತಮ್ಮ ಮುಂದಿದ್ದ ಓಟವನ್ನು ಅವರು ಪೂರ್ತಿ ಮಾಡಿದರು, ಫಾರ್ಮುಲಾ ಒನ್‌ನಲ್ಲಿ ಅಂಕ ಗಳಿಸಿದ ಮೊದಲ ಭಾರತೀಯರಾದರು. ಆದರೆ ಟೈರಿನ ಕಥೆ ಹೇಳದೆ ನಾಲ್ಕನೆಯ ಸ್ಥಾನವನ್ನು ಮಾತ್ರ ಹೇಳಿದರೆ ಅದು ಅರ್ಧ ಸತ್ಯವಾಗುತ್ತದೆ.

ಇದಕ್ಕೆ ಪೂರಾ ವಿರುದ್ಧವಾದ ಇನ್ನೊಂದು ಉದಾಹರಣೆ. 2015ರ ಡಕಾರ್ ರ‍್ಯಾಲಿಯಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ 36ನೆಯವರಾಗಿ ಬಂದರು. ಮೂವತ್ತಾರು! ಕಣ್ಣಾಡಿಸಿ ಮುಂದೆ ಹೋಗುವಂಥ ಸಂಖ್ಯೆ. ಆದರೆ ಅರ್ಜೆಂಟೀನಾ, ಚಿಲಿ, ಬೊಲಿವಿಯಾ ದೇಶಗಳ ಮರುಭೂಮಿ, ಬೆಟ್ಟ, ಉಪ್ಪಿನ ಬಯಲುಗಳನ್ನು ದಾಟುವ ಆ ಎರಡು ವಾರಗಳ ಸ್ಪರ್ಧೆಯಲ್ಲಿ ಹೊರಟ ಬೈಕುಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಗುರಿಯನ್ನೇ ಮುಟ್ಟಲಿಲ್ಲ. ಸವಾರನು ಬೈಕ್ ಓಡಿಸುತ್ತಲೇ ಹ್ಯಾಂಡಲ್ ಮೇಲಿನ ಕಾಗದದ ಸುರುಳಿಯನ್ನು ಓದಿ ದಿಕ್ಕು ಹಿಡಿಯಬೇಕಿತ್ತು. ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ ಅವರು. ನಾಲ್ಕಕ್ಕಿಂತ ಮೂವತ್ತಾರು ದೊಡ್ಡದಾಗುವುದೂ ಉಂಟು ಎಂಬುದನ್ನು ಓದುಗನಿಗೆ ತಿಳಿಸಬೇಕಾದವರು ಯಾರು?

2019ರಲ್ಲಿ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಹಾ ವಿಶ್ವಕಪ್ಪಿನ ಮಹಿಳೆಯರ ವಿಭಾಗದಲ್ಲಿ ಪ್ರಶಸ್ತಿ ಗೆದ್ದರು. ದುಬೈನ ಮೊದಲ ಸುತ್ತನ್ನು ಗೆದ್ದಿದ್ದ ಅವರು ಹಂಗೇರಿಯ ಕೊನೆಯ ಸುತ್ತಿನಲ್ಲಿ ನಾಲ್ಕನೆಯವರಾಗಿದ್ದರು. ಆದರೂ ಒಟ್ಟು 65 ಅಂಕಗಳೊಂದಿಗೆ, ಪೋರ್ಚುಗಲ್ಲಿನ ಪ್ರತಿಸ್ಪರ್ಧಿಗಿಂತ ನಾಲ್ಕೇ ಅಂಕ ಮುಂದಿದ್ದು ಪ್ರಶಸ್ತಿ ಪಡೆದರು. ಕೊನೆಯ ಓಟದಲ್ಲಿ ಗೆಲ್ಲದೆಯೂ ವಿಶ್ವಕಪ್ ಗೆಲ್ಲುವುದು ಹೇಗೆ? ಅಂಕಗಳ ಈ ಲೆಕ್ಕಾಚಾರದಲ್ಲಿಯೇ ಆ ವರ್ಷದ ರೋಚಕತೆಯೆಲ್ಲ ಇತ್ತು.

ಉಡುಪಿಯ ಕೆ.ಪಿ. ಅರವಿಂದ್ ಅವರೂ 2019ರಲ್ಲಿ ಪೆರು ದೇಶದಲ್ಲಿ ನಡೆದ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿ 37ನೆಯವರಾದರು. ನಿಮ್ಮ ಮನೆಯವರನ್ನು ಅವರ ಬಗ್ಗೆ ಕೇಳಿ ನೋಡಿ. 2021ರ ಬಿಗ್ ಬಾಸ್ ಕಾರ್ಯಕ್ರಮದಲ್ಲಿ ಎರಡನೆಯ ಸ್ಥಾನ ಪಡೆದವರೆಂದು ತಟ್ಟನೆ ಹೇಳುವವರೇ ಹೆಚ್ಚು. ಜನರನ್ನು ಹಳಿದು ಫಲವಿಲ್ಲ. ಅವರಿಗೆ ಯಾವುದನ್ನು ದಿನವೂ ವಿವರವಾಗಿ ತೋರಿಸಲಾಯಿತೋ ಅದನ್ನು ಅವರು ನೆನಪಿಟ್ಟುಕೊಂಡಿದ್ದಾರೆ.

ಅರ್ಧ ತಿಳಿದು ಬರೆದರೆ ಏನಾಗುತ್ತದೆ ಎಂಬುದನ್ನು ನಮ್ಮದೇ ಕಂಬಳದಲ್ಲಿ ಕಂಡೆವು. 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಸೆಕೆಂಡ್ ಎಂದರು. ಬರ್ಲಿನ್‌ನಲ್ಲಿ 2009ರಲ್ಲಿ ಉಸೇನ್ ಬೋಲ್ಟ್ ಮಾಡಿದ 9.58ರ ದಾಖಲೆ ಮುರಿಯಿತು ಎಂಬ ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಬೋಲ್ಟ್ ನಿಂತ ನೆಲೆಯಿಂದ ಒಬ್ಬರೇ ಓಡಿದ್ದರು, ಕಂಬಳದಲ್ಲಿ ಓಡುವವರನ್ನು ಜೋಡಿ ಕೋಣಗಳು ಸೆಳೆದೊಯ್ಯುತ್ತವೆ ಎಂಬ ಸರಳ ಸಂಗತಿ ಹಲವರಿಗೆ ಹೊಳೆಯಲಿಲ್ಲ. ಕಂಬಳವೇ ಬೇರೆ, ಟ್ರ್ಯಾಕ್ ಓಟವೇ ಬೇರೆ ಎಂದು ಗೌಡರೇ ವಿನಯದಿಂದ ಹೇಳಬೇಕಾಯಿತು. ಕೆಸರಿನಲ್ಲಿ ಕೋಣಗಳ ವೇಗಕ್ಕೆ ಹೆಜ್ಜೆ ಕೂಡಿಸುವ ಅವರ ನಿಜವಾದ ಕೌಶಲ್ಯ ಈ ಗದ್ದಲದಲ್ಲಿ ಮರೆಯಾಯಿತು. ಹೊಗಳಿಕೆಯೂ ಕೆಲವೊಮ್ಮೆ ಆಟಗಾರನಿಗೆ ಅನ್ಯಾಯ ಮಾಡುತ್ತದೆ.

ನಮ್ಮ ವರದಿಗಾರರ ಕಷ್ಟವೂ ಇದೆ, ಅದನ್ನು ಅಲ್ಲಗಳೆಯಲಾಗದು. ಕಬಡ್ಡಿ, ಕುಸ್ತಿ, ಕ್ರಿಕೆಟ್ ಎಲ್ಲಕ್ಕೂ ಒಬ್ಬರೇ ಓಡಬೇಕು. ರೇಸ್ ಪಥಕ್ಕೆ ಕಳಿಸುವಷ್ಟು ಹಣ ಪತ್ರಿಕೆಗಿರುವುದಿಲ್ಲ. ಸಂಜೆ ಕಂಪನಿಯ ಪ್ರಕಟಣೆ ಬರುತ್ತದೆ, ಅದನ್ನೇ ಕನ್ನಡಕ್ಕೆ ತಿರುಗಿಸಿ ಕೊಡುತ್ತಾರೆ. ಆದರೆ ಬೈಕ್ ತಯಾರಿಸುವ ಕಂಪನಿ ತನ್ನ ತಂಡದ ಬೈಕ್ ಕೆಟ್ಟು ನಿಂತಿತೆಂದು ಒತ್ತಿ ಹೇಳುವುದುಂಟೆ? "ಓದುಗರಿಗೆ ಇದೆಲ್ಲ ಅರ್ಥವಾಗದು" ಎಂಬ ಸಮಾಧಾನವನ್ನೂ ಕೆಲವರು ಕೊಡುತ್ತಾರೆ. ಇದನ್ನು ಮಾತ್ರ ಒಪ್ಪಲಾಗದು. ಎಲ್‌ಬಿಡಬ್ಲ್ಯು, ಗೂಗ್ಲಿ, ಫಾಲೋ ಆನ್ ಎಂಬ ಮಾತುಗಳನ್ನು ನಾವು ತಾಯಿಯ ಗರ್ಭದಲ್ಲಿ ಕಲಿತು ಬಂದೆವೇ? ರೇಡಿಯೋದ ವೀಕ್ಷಕ ವಿವರಣೆ, ಪತ್ರಿಕೆಗಳ ಕ್ರೀಡಾಪುಟ ವರ್ಷಗಟ್ಟಲೆ ತಾಳ್ಮೆಯಿಂದ ಕಲಿಸಿದವು. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ರ‍್ಯಾಲಿಯಲ್ಲಿ ಕಾರುಗಳು ಒಂದರ ಹಿಂದೊಂದು ಅಂತರ ಬಿಟ್ಟು ಹೊರಡುತ್ತವೆ, ಪ್ರತಿ ಕಾರಿನ ಸ್ಪರ್ಧೆ ಗಡಿಯಾರದೊಂದಿಗೆ, ಪಕ್ಕದಲ್ಲಿ ಕುಳಿತವನು ಮುಂದಿನ ತಿರುವು ಎಂಥದೆಂದು ಓದಿ ಹೇಳುತ್ತಾನೆ. ಇಷ್ಟನ್ನು ಒಂದೆರಡು ವಾಕ್ಯದಲ್ಲಿ ತಿಳಿಸಲು ಎಷ್ಟು ಜಾಗ ಬೇಕು?

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ಮಾತೇಕೆ ಎಂದೀರಿ. ವಿಷಯ ಚಿಕ್ಕದಲ್ಲ. "ಬೈಕ್ ರೇಸ್" ಎಂಬ ಪದ ನಮ್ಮ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವುದು ಅಪರಾಧ ಸುದ್ದಿಯಲ್ಲಿ. ಹೆದ್ದಾರಿಯಲ್ಲಿ ವೀಲಿಂಗ್ ಮಾಡಿ ಬಿದ್ದವರು, ಪೊಲೀಸರು ಹಿಡಿದವರು. ಕಾನೂನು ಮುರಿಯುವ ಹುಡುಗಾಟಕ್ಕೂ, ಹೆಲ್ಮೆಟ್, ಚರ್ಮದ ಉಡುಪು, ಲೈಸೆನ್ಸ್, ವೈದ್ಯರು, ನಿಯಮಾವಳಿ ಎಲ್ಲ ಇರುವ ಕ್ರೀಡೆಗೂ ಒಂದೇ ಹೆಸರು. ನಮ್ಮ ಚಂದಾಪುರದ ತರುಣನಿಗೆ ವೇಗದ ಆಸೆಯಿದ್ದರೆ ಅವನ ಕಣ್ಣಮುಂದಿರುವುದು ಊರ ಹೊರಗಿನ ಡಾಂಬರು ರಸ್ತೆ ಮಾತ್ರ. ಭಾರತೀಯ ಮೋಟಾರ್ ಕ್ರೀಡಾ ಕ್ಲಬ್ಬುಗಳ ಒಕ್ಕೂಟವೊಂದಿದೆ, ಅದರ ಲೈಸೆನ್ಸ್ ಪಡೆದು ಸ್ಪರ್ಧಿಸಬಹುದು, ತಂಡಗಳಲ್ಲಿ ಮೆಕ್ಯಾನಿಕ್ ಆಗಿಯೂ ದುಡಿಯಬಹುದು ಎಂದು ಅವನಿಗೆ ಯಾರೂ ಹೇಳಲಿಲ್ಲ.

ಇನ್ನೊಂದು ಮಾತು. 2023ರ ಆಗಸ್ಟ್ 5ರಂದು ಚೆನ್ನೈ ಬಳಿಯ ಪಥದಲ್ಲಿ ಬೆಂಗಳೂರಿನ 13 ವರ್ಷದ ಬಾಲಕನೊಬ್ಬ ರೇಸಿನ ವೇಳೆ ಬಿದ್ದು ಪ್ರಾಣ ಕಳೆದುಕೊಂಡ. ಮರುದಿನ ಅವನ ಚಿತ್ರ ಎಲ್ಲೆಡೆ ಬಂತು. ಅವನು ಗೆಲ್ಲುತ್ತಿದ್ದ ದಿನಗಳಲ್ಲಿ ಅವನ ಹೆಸರು ಎಷ್ಟು ಜನರಿಗೆ ಗೊತ್ತಿತ್ತು? ಯಾವ ವಯಸ್ಸಿಗೆ ಎಂಥ ಬೈಕ್ ಕೊಡಬೇಕು, ಬಿದ್ದವನನ್ನು ಹಿಂದಿನವರಿಂದ ಕಾಪಾಡುವುದು ಹೇಗೆ ಎಂಬ ಪ್ರಶ್ನೆಗಳನ್ನು ಸಾವಿನ ಮರುದಿನವಲ್ಲ, ಪ್ರತಿ ಓಟದಲ್ಲೂ ಕೇಳುತ್ತಿರಬೇಕು. ಬಲ್ಲ ವರದಿಗಾರ ಪಥದ ಬಳಿ ನಿಂತಿದ್ದರೆ ಆಯೋಜಕರೂ ಎಚ್ಚರವಾಗಿರುತ್ತಾರೆ.

ಹಾಗಾದರೆ ನಾವು ಮಾಡಬಹುದಾದುದೇನು? ವರದಿ ಬರೆಯುವವರು ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಸಾಕು: ಇದು ಎಂಥ ಸ್ಪರ್ಧೆ? ಎಷ್ಟು ಜನ ಹೊರಟರು, ಎಷ್ಟು ಜನ ಮುಟ್ಟಿದರು? ಗೆದ್ದವರು ಹೇಗೆ ಗೆದ್ದರು? ಒಟ್ಟು ಅಂಕಪಟ್ಟಿಯಲ್ಲಿ ಇದರಿಂದ ಆದ ಬದಲಾವಣೆ ಏನು? ನಾಲ್ಕೇ ಸಾಲಿನ ಜಾಗವಿದ್ದರೂ ಇವಕ್ಕೆ ಎಡೆಯಿದೆ. ಇನ್ನು ಓದುಗರಾದ ನೀವು. ತಪ್ಪು ಕಂಡಾಗ ಗೊಣಗಿ ಸುಮ್ಮನಾಗಬೇಡಿ, ಸಂಪಾದಕರಿಗೆ ಒಂದು ಪತ್ರ ಬರೆಯಿರಿ. ಒಳ್ಳೆಯ ವರದಿ ಬಂದಾಗಲೂ ಮರೆಯದೆ ಬರೆಯಿರಿ. ಕೇಳುವವರಿದ್ದಾರೆಂದು ತಿಳಿದರೆ ಬರೆಯುವವರ ಕೈ ತಾನಾಗಿ ಬಿಗಿಯಾಗುತ್ತದೆ.