ಮೂರು ತಾಲ್ಲೂಕು, ಮೂರು ವಾಡಿಕೆ



ಮುಂಜಾನೆ ಸಮ್ಮೇಳನದ ಮಂಟಪದ ಬಾಗಿಲಲ್ಲಿ ನಿಂತು, ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಂದ ಬರುವವರನ್ನು ಮಾತಾಡಿಸುತ್ತಿದ್ದೆ. ಸಂಕೇಶ್ವರದ ಕಡೆಯ ಹಿರಿಯರೊಬ್ಬರು, ‘ಕಿವಿಗೆ ಟಾವೆಲ್ ಸುತ್ತಿಕೊಂಡ ಬಸ್ ಹತ್ತೇನ್ರಿ, ಅಷ್ಟು ಥಂಡಿ’ ಅಂದರು. ಅವರ ಬೆನ್ನಿಗೇ ಬಂದ ಯಾದವಾಡದ ಹುಡುಗ, ‘ನಮ್ಮ ಕಡೆ ಆಗಲೇ ರಾತ್ರಿ ಫ್ಯಾನ್ ಹಚ್ಚೇವ್ರಿ ಸರ್’ ಅಂದ. ಇಬ್ಬರ ಊರಿನ ನಡುವೆ ನೂರು ಕಿಲೋಮೀಟರ್ ದಾರಿಯೂ ಇಲ್ಲ. ಆದರೆ ಸಂಜೆ ಟಿ.ವಿ. ಹಚ್ಚಿದರೆ ಇಬ್ಬರಿಗೂ ಕೇಳುವುದು ಒಂದೇ ಮಾತು: ‘ಉತ್ತರ ಒಳನಾಡಿನಲ್ಲಿ ತಾಪಮಾನ ವಾಡಿಕೆಗಿಂತ ಹೆಚ್ಚು’. ಬೆಳಗಾವಿಯಿಂದ ಬೀದರ್‌ವರೆಗೆ ಹಾಸಿದ ಒಂದೇ ಚಾದರ ಅದು. ಇಂದು ನಾನು ಮಾತನಾಡಬೇಕೆಂದಿರುವುದು ಆ ‘ವಾಡಿಕೆ’ ಎಂಬ ಒಂದು ಪದದ ಬಗ್ಗೆ. ಮೂವತ್ತು ವರ್ಷಕ್ಕೂ ಮಿಕ್ಕಿ ಭೂಗೋಳ ಕಲಿಸಿದ ಮಾಸ್ತರ ನಾನು. ಈ ಪದದ ತೂಕ ಪೂರ್ತಿ ತಿಳಿದದ್ದು ಮಾತ್ರ ನಿವೃತ್ತನಾಗಿ ಹೊಲದ ಬದುವಿನ ಮೇಲೆ ಕುಳಿತ ಮೇಲೆ.

ಹವಾಮಾನ ಶಾಸ್ತ್ರದಲ್ಲಿ ವಾಡಿಕೆ ಎಂದರೆ ಮೂವತ್ತು ವರ್ಷಗಳ ಸರಾಸರಿ. 1875ರಲ್ಲಿ ಹುಟ್ಟಿದ ಭಾರತೀಯ ಹವಾಮಾನ ಇಲಾಖೆ ಈಗ ತಾಪಮಾನಕ್ಕೆ 1991ರಿಂದ 2020ರವರೆಗಿನ ಸರಾಸರಿಯನ್ನು ವಾಡಿಕೆ ಎಂದು ಹಿಡಿಯುತ್ತದೆ. ದಿನದ ಉಷ್ಣತೆ ಅದಕ್ಕಿಂತ ಒಂದೂವರೆ ಡಿಗ್ರಿ ಆಚೀಚೆ ಇದ್ದರೆ ಅದೂ ವಾಡಿಕೆಯೇ. ಬಯಲು ಸೀಮೆಯಲ್ಲಿ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಮೇಲೇರಿದರೆ ಅದು ಬಿಸಿಗಾಳಿ, 6.4ನ್ನೂ ದಾಟಿದರೆ ತೀವ್ರ ಬಿಸಿಗಾಳಿ. ಸುಡುವ ಬಿಸಿಲೊಂದೇ ಸಾಲದು, ಆ ಊರಿಗೆ ಸಾಮಾನ್ಯವಾಗಿ ಎಷ್ಟಿರುತ್ತಿತ್ತು ಎಂಬ ಲೆಕ್ಕವೂ ಬೇಕು. ತೊಡಕು ಇರುವುದು ಇಲ್ಲಿಯೇ.

ನಮ್ಮ ಹಿರಿಯರಿಗೂ ವಾಡಿಕೆ ಇತ್ತು, ಕಾಗದದ ಮೇಲೆ ಇರಲಿಲ್ಲ ಅಷ್ಟೆ. ರೋಹಿಣಿಯಿಂದ ಸ್ವಾತಿಯವರೆಗೆ ಯಾವ ಮಳೆಗೆ ಯಾವ ಬೀಜ, ಯಾವ ಹುಣ್ಣಿಮೆಗೆ ಎಷ್ಟು ಚಳಿ ಎಂಬುದು ಅವರ ಬೆರಳ ತುದಿಯಲ್ಲಿತ್ತು. ಶಿವರಾತ್ರಿಗೆ ಚಳಿ ಶಿವಶಿವ ಅನ್ನುತ್ತ ಹೋಗುತ್ತದೆ ಎನ್ನುವುದು ತಲೆಮಾರುಗಳು ನೋಡಿ ನೋಡಿ ಕಂಡುಕೊಂಡ ಸರಾಸರಿ. ಅದರಲ್ಲಿ ಇನ್ನೊಂದು ಗುಣವಿತ್ತು. ಎರೆ ಹೊಲದವನ ವಾಡಿಕೆ ಬೇರೆ, ಮಡ್ಡಿಯವನ ವಾಡಿಕೆ ಬೇರೆ, ಹೊಳೆಸಾಲಿನವನದು ಬೇರೆ. ಒಬ್ಬರದನ್ನು ಇನ್ನೊಬ್ಬರ ಮೇಲೆ ಹೇರುತ್ತಿರಲಿಲ್ಲ.

ನಮ್ಮ ಮೂರು ತಾಲ್ಲೂಕುಗಳನ್ನೇ ನೋಡಿ. ಹಿರಣ್ಯಕೇಶಿ ಹುಟ್ಟುವುದು ಮಹಾರಾಷ್ಟ್ರದ ಅಂಬೋಲಿಯ ಬಳಿ. ಅಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ಆ ಮೋಡಗಳು ಘಟ್ಟ ಇಳಿದು ಪೂರ್ವಕ್ಕೆ ಬರುತ್ತ ಬರುತ್ತ ಬರಿದಾಗುತ್ತವೆ. ಹುಕ್ಕೇರಿಗೆ ಅಷ್ಟಿಷ್ಟು ತಂಪು ಉಳಿಯುತ್ತದೆ, ಗೋಕಾಕಕ್ಕೆ ಇನ್ನೂ ಕಡಿಮೆ, ಯಾದವಾಡದಂಥ ಮೂಡಲಗಿಯ ಪೂರ್ವದ ಹಳ್ಳಿಗಳಿಗೆ ಬರುವಷ್ಟರಲ್ಲಿ ಗಾಳಿಯಷ್ಟೇ. ಕರ್ನಾಟಕವನ್ನು ಹತ್ತು ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಿದವರಿಗೂ ಇದು ಕಂಡಿತ್ತು: ಹುಕ್ಕೇರಿ ಉತ್ತರದ ಪರಿವರ್ತನಾ ವಲಯದಲ್ಲಿದೆ, ಗೋಕಾಕ, ಮೂಡಲಗಿಗಳು ಉತ್ತರದ ಒಣ ವಲಯದಲ್ಲಿವೆ. ಎತ್ತರದ ಲೆಕ್ಕವೂ ಇದೆ. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲಿದ್ದರೆ ನಮ್ಮ ಸೀಮೆಯ ಅರಭಾವಿಯ ತೋಟಗಾರಿಕೆ ಕಾಲೇಜು ಇರುವುದು 612 ಮೀಟರಿನಲ್ಲಿ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಅಂದರೆ ಬರೀ ಎತ್ತರದಿಂದಲೇ ಬೆಳಗಾವಿಗೂ ಅರಭಾವಿಗೂ ಹತ್ತಿರ ಹತ್ತಿರ ಒಂದು ಡಿಗ್ರಿ ಅಂತರ. ಗೋಕಾಕ ಪಟ್ಟಣ ಇನ್ನೂ ತಗ್ಗಿನಲ್ಲಿದೆ, ಬೆನ್ನಿಗೆ ಕಲ್ಲುಗುಡ್ಡ. ಹಗಲೆಲ್ಲ ಕಾದ ಬಂಡೆ ರಾತ್ರಿ ಹೊತ್ತು ಬಿಸಿ ಬಿಡುತ್ತದೆ. ಗುಡ್ಡದ ಬುಡದ ಓಣಿಯಲ್ಲಿ ಏಪ್ರಿಲ್ ತಿಂಗಳು ಮಾಳಿಗೆ ಮೇಲೆ ಮಲಗಿದವರಿಗೆ ಅದರ ಝಳ ಗೊತ್ತು. ಅಲ್ಲಿಂದ ಲೋಳಸೂರ ಸೇತುವೆ ದಾಟಿ ಕಾಲುವೆ ನೀರುಂಡ ಕಬ್ಬಿನ ಹೊಲಕ್ಕೆ ಬಂದರೆ ಮೈಗೆ ತಂಪು. ಕಬ್ಬು ಮುಗಿದು ಮಡ್ಡಿ ಶುರುವಾದರೆ ಮತ್ತೆ ಧಗೆ.

ಹೀಗೆ ನೋಡಿದರೆ ನಮ್ಮದೂ ದ್ವೀಪಗಳ ಸೀಮೆಯೇ. ಒಣ ನೆಲದ ನಡುವೆ ತಂಪಿನ ದ್ವೀಪ, ತಂಪಿನ ನಡುವೆ ಬಿಸಿಯ ದ್ವೀಪ. ಉಷ್ಣವಲಯದ ನಿಜವಾದ ದ್ವೀಪಗಳಲ್ಲಿ ಹವಾಮಾನ ಬಲ್ಲವರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. ಹವಾಯಿಯ ದೊಡ್ಡ ದ್ವೀಪದಲ್ಲಿ ಗಾಳಿಗೆ ಎದುರಾದ ಹಿಲೊ ಪಟ್ಟಣಕ್ಕೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಬೆಟ್ಟದ ಮರೆಯ ಪಶ್ಚಿಮ ಕರಾವಳಿ ಒಣಗಿ ನಿಂತಿರುತ್ತದೆ. ಅಂಬೋಲಿ ಮತ್ತು ಯಾದವಾಡದ ಕಥೆಯೇ ಅದು. ಆದ್ದರಿಂದ ಅಲ್ಲಿ ಇಡೀ ದ್ವೀಪಕ್ಕೆ ಒಂದೇ ವಾಡಿಕೆ ಎಂದು ಯಾರೂ ಹೇಳುವುದಿಲ್ಲ. ಒಂದೊಂದು ಮಗ್ಗುಲಿಗೂ ಅದರದೇ ಲೆಕ್ಕ.

ದ್ವೀಪಗಳು ಕಲಿಸುವ ಇನ್ನೊಂದು ಪಾಠ ಡಿಗ್ರಿಯ ಬೆಲೆ. ಗೋಕಾಕದಲ್ಲಿ ಜನವರಿಯ ಒಂದೇ ದಿನ ಮಧ್ಯಾಹ್ನಕ್ಕೂ ನಸುಕಿಗೂ ಹದಿನೈದು ಡಿಗ್ರಿಯ ಆಸುಪಾಸು ವ್ಯತ್ಯಾಸ. ಹಾಗಾಗಿ ‘ಒಂದು ಡಿಗ್ರಿ ಹೆಚ್ಚಾದರೆ ಏನಾತು’ ಎಂದು ಕೇಳುತ್ತೇವೆ. ಲಕ್ಷದ್ವೀಪದಲ್ಲಿ ಸಮುದ್ರವು ಹಗಲು ರಾತ್ರಿಗಳನ್ನು ಸಮಮಾಡಿಬಿಟ್ಟಿದೆ. ಅಲ್ಲಿಯ ನೀರು ಬೇಸಿಗೆಯ ವಾಡಿಕೆಗಿಂತ ಬರೀ ಒಂದು ಡಿಗ್ರಿ ಮೇಲೆ ಕೆಲವು ವಾರ ನಿಂತರೆ ಹವಳ ತನ್ನ ಬಣ್ಣ ಕಳೆದುಕೊಂಡು ಬೆಳ್ಳಗಾಗುತ್ತದೆ. 1998, 2010, 2016ರಲ್ಲಿ ಹಾಗೆಯೇ ಆಯಿತು.

ಇನ್ನು ಅರ್ಧ ಡಿಗ್ರಿಯ ಮಾತು ಕೇಳಿ. ಪೆಸಿಫಿಕ್ ಸಾಗರದ ನಡುವೆ ಸಮುದ್ರದ ಮೇಲ್ಮೈ ವಾಡಿಕೆಗಿಂತ ಅರ್ಧ ಡಿಗ್ರಿ ಬಿಸಿಯಾಗಿ ತಿಂಗಳುಗಟ್ಟಲೆ ನಿಂತರೆ ಅದಕ್ಕೆ ಎಲ್ ನಿನೊ ಎನ್ನುತ್ತಾರೆ. ಅದು ಬಂದ ವರ್ಷ ನಮ್ಮ ಮುಂಗಾರು ಹಲವು ಸಲ ಕೈಕೊಟ್ಟಿದೆ. 2023ರಲ್ಲಿ ಹಾಗಾಯಿತು. ಆ ಆಗಸ್ಟ್ ದೇಶಕ್ಕೆ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಬೇಕಾಯಿತು. ಈ ನಂಟು ತಿಳಿದದ್ದೂ ನಮ್ಮಂಥ ಸೀಮೆಯ ಹಸಿವಿನಿಂದಲೇ. 1876ರಿಂದ 78ರವರೆಗಿನ ಮಹಾಬರ ಮುಂಬಯಿ ಕರ್ನಾಟಕವನ್ನು ಹಿಂಡಿ ಹಾಕಿತ್ತು. 1899ರಲ್ಲಿ ಮಳೆ ಮತ್ತೆ ಹೋಯಿತು, ಯಾರೂ ಮುಂಚೆ ಹೇಳಲಿಲ್ಲ. 1904ರಲ್ಲಿ ಭಾರತದ ವೀಕ್ಷಣಾಲಯಗಳ ಮುಖ್ಯಸ್ಥರಾಗಿ ಬಂದ ಗಿಲ್ಬರ್ಟ್ ವಾಕರ್ ಗಣಿತಜ್ಞರು. ಮುಂಗಾರನ್ನು ಮುಂಚಿತವಾಗಿ ಹೇಳಲು ಅವರು ಜಗತ್ತಿನ ಮೂಲೆಮೂಲೆಯ ದಾಖಲೆ ತರಿಸಿದರು: ಮಾರಿಷಸ್ ದ್ವೀಪದ ವಾಯುಭಾರ, ಜಾಂಜಿಬಾರ್ ದ್ವೀಪದ ಮಳೆ, ದಕ್ಷಿಣ ಅಮೆರಿಕದ ವಾಯುಭಾರ, ಹಿಮಾಲಯದ ಹಿಮ. ಆ ಅಂಕಿಗಳ ರಾಶಿಯಲ್ಲಿ ಅವರಿಗೆ ಕಂಡದ್ದು ಸಾಗರದ ಈ ಕೊನೆಗೂ ಆ ಕೊನೆಗೂ ನಡೆಯುವ ವಾಯುಭಾರದ ತೂಗಾಟ. ಈಗಲೂ ಆ ತೂಗಾಟವನ್ನು ಅಳೆಯುವುದು ತಾಹಿತಿ ದ್ವೀಪದ ಮತ್ತು ಆಸ್ಟ್ರೇಲಿಯಾದ ಡಾರ್ವಿನ್ ಪಟ್ಟಣದ ವಾಯುಭಾರ ವಾಡಿಕೆಯಿಂದ ಎಷ್ಟು ಸರಿದಿದೆ ಎಂದು ನೋಡಿ. ಸಾವಿರಾರು ಹರದಾರಿ ದೂರದ ಒಂದು ದ್ವೀಪದಲ್ಲಿ ಯಾರೋ ದಿನಾಲು ತಪ್ಪದೆ ಬರೆದಿಟ್ಟ ಅಂಕಿಯಿಂದ ಹಿಡಕಲ್ ಜಲಾಶಯಕ್ಕೆ ನೀರು ಬರುವ ಸುಳಿವು ಸಿಗುತ್ತದೆ. ಇದನ್ನು ನೆನೆದಾಗಲೆಲ್ಲ ಆ ಬರೆದಿಟ್ಟ ಕೈಗಳಿಗೆ ಕೈಮುಗಿಯಬೇಕು ಅನ್ನಿಸುತ್ತದೆ.

ನಮ್ಮ ಹೊಲಕ್ಕೆ ಬರೋಣ. ನಾನು ಚಿಕ್ಕವನಿದ್ದಾಗ ಎಳ್ಳಮಾವಾಸ್ಯೆಯ ಆಚೀಚೆ ಅವ್ವ ನಸುಕಿನಲ್ಲಿ ಕಡಲೆ ಹೊಲಕ್ಕೆ ಹೋಗುತ್ತಿದ್ದಳು. ಒಗೆದ ಬಿಳಿ ಧೋತರವನ್ನು ಗಿಡಗಳ ತಲೆಯ ಮೇಲೆ ಎಳೆಯುತ್ತ ನಾವಿಬ್ಬರೂ ಸಾಲಿನುದ್ದಕ್ಕೂ ನಡೆಯುತ್ತಿದ್ದೆವು. ಎಲೆಯ ಮೇಲಿನ ಇಬ್ಬನಿಯೂ ಅದರೊಳಗಿನ ಹುಳಿಯೂ ಬಟ್ಟೆಗೆ ಇಳಿಯುತ್ತಿತ್ತು. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಧೋತರ ಭಾರವಾಗಿ, ಬೆರಳು ಸೆಟೆದು, ಚರ್ಮ ಚುರುಗುಟ್ಟುತ್ತಿತ್ತು. ತಾಮ್ರ, ಹಿತ್ತಾಳೆ ಮುಟ್ಟಿಸದೆ ಅದನ್ನು ಮಣ್ಣಿನ ಪರಿಯಾಣಕ್ಕೆ ಹಿಂಡಿ, ಸೋಸಿ, ಗಾಜಿನ ಬಾಟಲಿಗೆ ತುಂಬುತ್ತಿದ್ದಳು. ಹೊಟ್ಟೆನೋವಿಗೆ ವರ್ಷವಿಡೀ ಅದೇ ಮದ್ದು. ಇಬ್ಬನಿ ಬೀಳಬೇಕಾದರೆ ಆಕಾಶ ತಿಳಿಯಾಗಿರಬೇಕು, ಗಾಳಿ ನಿಂತಿರಬೇಕು, ನೆಲ ತನ್ನ ಬಿಸಿಯನ್ನು ರಾತ್ರಿಯಿಡೀ ಮೇಲಕ್ಕೆ ಬಿಟ್ಟುಕೊಡಬೇಕು. ಮೋಡ ಮುಚ್ಚಿದರೆ ಆ ಬಿಸಿ ಹೋಗುವುದಿಲ್ಲ, ರಾತ್ರಿ ತಣಿಯುವುದಿಲ್ಲ, ಧೋತರ ಒಣಗಿಯೇ ಮನೆಗೆ ಬರುತ್ತದೆ. ಈಚೆಗೆ ಹಲವು ಚಳಿಗಾಲ ನಾನು ಅದೇ ಹೊಲದಲ್ಲಿ ಬಟ್ಟೆ ಎಳೆದು ನೋಡಿದ್ದೇನೆ. ಒಣಗಿ ಬಂದ ದಿನಗಳೇ ಹೆಚ್ಚು.

ಇದು ಬರೀ ಅವ್ವನ ನೆನಪಿನ ಮಾತಲ್ಲ. ಹಿಂಗಾರಿ ಜೋಳ, ಗೋದಿ, ಕಡಲೆ ಈ ಮೂರೂ ಚಳಿಯನ್ನು ಉಂಡು ಕಾಳು ಕಟ್ಟುವ ಬೆಳೆಗಳು. ರಾತ್ರಿ ಬೆಚ್ಚಗಿದ್ದರೆ ಬೆಳೆ ಅವಸರದಲ್ಲಿ ಮಾಗುತ್ತದೆ, ಕಾಳು ಸಣ್ಣದಾಗುತ್ತದೆ. ಮೋಡ ಕವಿದರೆ ಜೋಳದ ಎಲೆಗೆ ಹೇನು ಹತ್ತಿ ಜಿಗಿ ಸುರಿಯುತ್ತದೆ. ನಾವು ಹಗಲಿನ ಬಿಸಿಲನ್ನು ಬೈಯುತ್ತೇವೆ, ಪತ್ರಿಕೆಯೂ ಗರಿಷ್ಠ ಉಷ್ಣತೆಯನ್ನೇ ದಪ್ಪಕ್ಷರದಲ್ಲಿ ಹಾಕುತ್ತದೆ. ರೈತನ ಮನೆ ಬಾಗಿಲು ತಟ್ಟುತ್ತಿರುವುದು ಮಾತ್ರ ಕನಿಷ್ಠ ಉಷ್ಣತೆ.

ವಾಡಿಕೆ ತಾನೇ ಜಾರುತ್ತಿದೆ ಎಂಬುದನ್ನೂ ಮರೆಯಬಾರದು. 2024ರಲ್ಲಿ ದೇಶದ ಸರಾಸರಿ ಉಷ್ಣತೆ ವಾಡಿಕೆಗಿಂತ 0.65 ಡಿಗ್ರಿ ಹೆಚ್ಚಿತ್ತು. 1901ರಿಂದೀಚೆಗೆ ಅಷ್ಟು ಬಿಸಿ ವರ್ಷ ಇರಲಿಲ್ಲ. ಅದನ್ನು ಅಳೆದದ್ದು 1991ರಿಂದೀಚೆಗಿನ, ಈಗಾಗಲೇ ಏರಿ ನಿಂತ ಸರಾಸರಿಯ ಮೇಲೆ. ನಮ್ಮ ಅಜ್ಜನ ಕಾಲದ ವಾಡಿಕೆ ಹಚ್ಚಿ ನೋಡಿದರೆ ಏರಿಕೆ ಇನ್ನೂ ದೊಡ್ಡದು.

ಸರಾಸರಿ ಹೇಗೆ ಕಣ್ಣಿಗೆ ಮಣ್ಣೆರಚುತ್ತದೆ ಎಂಬುದಕ್ಕೆ 2019ಕ್ಕಿಂತ ಬೇರೆ ಸಾಕ್ಷಿ ಬೇಡ. ಆ ಜೂನ್‌ನಲ್ಲಿ ದೇಶದ ಮಳೆ ವಾಡಿಕೆಗಿಂತ ಶೇಕಡಾ 33 ಕಡಿಮೆ. ನಾಲ್ಕು ತಿಂಗಳು ಮುಗಿದಾಗ ಲೆಕ್ಕ ವಾಡಿಕೆಯ ಶೇಕಡಾ 110. ಕಾಗದದ ಮೇಲೆ ಒಳ್ಳೆಯ ವರ್ಷ. ಆದರೆ ಆ ಆಗಸ್ಟ್‌ನಲ್ಲಿ ಘಟಪ್ರಭೆ, ಮಾರ್ಕಂಡೇಯ ಒಟ್ಟಿಗೆ ಏರಿ ಗೋಕಾಕದ ಪೇಟೆಯೊಳಗೆ ನುಗ್ಗಿದವು, ಲೋಳಸೂರ ಸೇತುವೆ ಮುಳುಗಿತು. ನೀರು ಇಳಿದ ಮೇಲೆ ಅಂಗಡಿಯ ಗೋಡೆಯ ಮೇಲೆ ಎದೆಯೆತ್ತರಕ್ಕೆ ಉಳಿದ ಕೆಸರಿನ ಗೆರೆಯನ್ನು ನಾನು ಕೈಯಿಂದ ಮುಟ್ಟಿ ನೋಡಿದ್ದೇನೆ.

ಬಾಂಧವರೇ, ನಮ್ಮ ರಾಜ್ಯ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 1988ರಲ್ಲೇ ಬರ ನಿಗಾ ಕೋಶ ತೆರೆದ ರಾಜ್ಯ ಇದು. ಅದೇ ಬೆಳೆದು ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ; ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕ, ಹೋಬಳಿಗಳಲ್ಲಿ ಹವಾಮಾನ ಕೇಂದ್ರ ನಿಲ್ಲಿಸಿದೆ. ಇದು ಹೆಮ್ಮೆಯ ಸಂಗತಿ. ಆದರೆ ಯಂತ್ರ ನಿಲ್ಲಿಸಿದ ದಿನವೇ ಮೂವತ್ತು ವರ್ಷದ ದಾಖಲೆ ಹುಟ್ಟುವುದಿಲ್ಲ. ಮೂಡಲಗಿ ತಾಲ್ಲೂಕಾದದ್ದು 2018ರಲ್ಲಿ; ಅಲ್ಲಿಯವರೆಗೆ ಅದು ಗೋಕಾಕದ ಭಾಗ. ಹೊಸ ತಾಲ್ಲೂಕಿಗೆ ಕಚೇರಿ ಬಂತು, ಬೋರ್ಡು ಬಂತು. ತನ್ನದೇ ಹೆಸರಿನ ದಾಖಲೆ ಅದಕ್ಕಿನ್ನೂ ಎಳೆಯದು. ಬರ ಘೋಷಣೆ ವಾಡಿಕೆ ನೋಡಿ, ಹವಾಮಾನ ಆಧಾರಿತ ಬೆಳೆವಿಮೆಯ ಪರಿಹಾರವೂ ಹವಾಮಾನ ಕೇಂದ್ರದ ಅಂಕಿ ನೋಡಿ. ಅಂಕಿ ನನ್ನ ಹೊಲದ್ದಲ್ಲದಿದ್ದರೆ ಪರಿಹಾರವೂ ನನ್ನ ನಷ್ಟದ್ದಾಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯ ಅಂಗಳದಲ್ಲಿ ಮಳೆಮಾಪಕ ನೋಡಿದೆ. ಅದರ ಮೇಲೆ ಬೇವಿನ ಮರದ ಟೊಂಗೆ ಚಾಚಿತ್ತು, ಬಾಯಿಯೊಳಗೆ ಒಣಗಿದ ಬೇವಿನೆಲೆ ಕೂತಿದ್ದವು. ಪಕ್ಕದ ತಾಪಮಾಪಕದ ಬಿಳಿ ಪೆಟ್ಟಿಗೆಯ ಬೆನ್ನಿಗೆ ತಗಡಿನ ಶೆಡ್ಡು. ಆ ಪೆಟ್ಟಿಗೆಗೆ ಬಿಳಿ ಬಣ್ಣ, ಸೀಳು ಪಟ್ಟಿಯ ಗೋಡೆ ಇರುವುದೇ ಬಿಸಿಲು ನೇರ ತಾಗದೆ ಗಾಳಿಯಷ್ಟೇ ಆಡಲಿ ಎಂದು. ತಗಡಿನ ಝಳ ತಾಗಿದರೆ ಅದು ಅಳೆಯುವುದು ಊರಿನ ಉಷ್ಣತೆಯನ್ನಲ್ಲ, ಶೆಡ್ಡಿನ ಉಷ್ಣತೆಯನ್ನು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಎಲೆಗಳು ತಡೆದ ನೀರು ಎಷ್ಟು ಮನೆಗಳ ಪರಿಹಾರದ ಅರ್ಜಿಯಿಂದ ಕಳೆದುಹೋಗಿರಬೇಕು ಎಂದು ಲೆಕ್ಕ ಹಾಕುತ್ತಲೇ ಇದ್ದೆ.

ಅದಕ್ಕೇ ಈ ಸಮ್ಮೇಳನದ ಮುಂದೆ ನನ್ನ ಕೇಳಿಕೆ ಇಡುತ್ತೇನೆ. ಮೂರೂ ತಾಲ್ಲೂಕುಗಳಲ್ಲಿ ಹೋಬಳಿಗೊಂದು ಪ್ರೌಢಶಾಲೆ ಆರಿಸಿ, ಮರ, ಗೋಡೆಗಳಿಂದ ದೂರ ತೆರವಾದ ಜಾಗದಲ್ಲಿ ಮಳೆಮಾಪಕವನ್ನೂ ಗರಿಷ್ಠ, ಕನಿಷ್ಠ ತಾಪಮಾಪಕವನ್ನೂ ಇಡೋಣ. ಅರಭಾವಿಯ ಕಾಲೇಜಿನವರು ಮಾಸ್ತರರಿಗೂ ಅಕ್ಕೋರಿಗೂ ಅಳೆಯುವ ಕ್ರಮ ಹೇಳಿಕೊಡಲಿ ಎಂದು ವಿನಂತಿಸೋಣ. ಸರ್ಕಾರದ ಅಂಕಿಗೆ ಪೈಪೋಟಿ ಇದಲ್ಲ. ಅದರ ಪಕ್ಕದಲ್ಲಿ ಇಟ್ಟು ನೋಡಲು ನಮ್ಮ ಕೈಯಲ್ಲೊಂದು ವಹಿ ಇರಲಿ ಎಂಬುದಷ್ಟೇ. ಬೆಳೆವಿಮೆಯ ಸಭೆಗೆ ಹೋಗುವ ರೈತ ಆ ವಹಿ ಹಿಡಿದುಕೊಂಡು ಹೋಗಲಿ. ಮೂಡಲಗಿಯ ಮಕ್ಕಳು ಇಂದು ಬರೆಯಲು ಶುರುಮಾಡಿದರೆ ಮೂವತ್ತು ವರ್ಷ ತುಂಬುವಾಗ ಅವರಿಗೆ ನಾಲ್ವತ್ತೈದರ ವಯಸ್ಸು. ಹೊಲ ಅವರ ಕೈಯಲ್ಲೇ ಇರುತ್ತದೆ.

ಮೊದಲ ವಹಿಯನ್ನು ನಾನು ತಂದಿದ್ದೇನೆ. ದಿನಾಂಕ, ಮಳೆ, ಗರಿಷ್ಠ, ಕನಿಷ್ಠ, ಇಬ್ಬನಿ ಬಿತ್ತೋ ಇಲ್ಲವೋ ಎಂದು ಐದು ಕಲಂ ಗೆರೆ ಹಾಕಿದ್ದೇನೆ. ನಾಳೆ ಮುಂಜಾನೆ 8.30ಕ್ಕೆ, ದೇಶದ ಎಲ್ಲ ಮಳೆಮಾಪಕಗಳನ್ನು ನೋಡುವ ಅದೇ ಹೊತ್ತಿಗೆ, ಸಮ್ಮೇಳನ ನಡೆಯುತ್ತಿರುವ ಈ ಶಾಲೆಯ ಒಂಬತ್ತನೇ ತರಗತಿಯ ಹುಡುಗಿಯರು ಅದರಲ್ಲಿ ಮೊದಲ ಸಾಲು ಬರೆಯುತ್ತಾರೆ. ಬರಬಹುದಾದವರೆಲ್ಲ ಬನ್ನಿ.