ಪರಂಗಿ ಗಂಡೋ ಹೆಣ್ಣೋ? ಕಡಿಯೋಕೆ ಮುಂಚೆ ಹೂವು ನೋಡಿ

ಈ ವಾರ ನಮ್ಮ ಕೋಣನಕುಂಟೆಯಿಂದಲೇ ಒಂದು ವಾಯ್ಸ್ ನೋಟ್ ಬಂದಿದೆ. ಮನೆ ಮುಂದೆ ಪರಂಗಿ ಗಿಡ ಹಾಕಿ ಎಂಟು ತಿಂಗಳಾಯ್ತಂತೆ. ಹೂವು ಗೊಂಚಲು ಗೊಂಚಲಾಗಿ ಬರತ್ತೆ, ಕಾಯಿ ಮಾತ್ರ ಒಂದೂ ಇಲ್ಲ. ಪಕ್ಕದ ಮನೆಯವರು ಕಾಂಡಕ್ಕೆ ಮೊಳೆ ಹೊಡೀರಿ ಅಂತಾರೆ, ಅತ್ತೆ ಕಡಿದು ಹಾಕಿ ಅಂತಾರೆ. ಏನು ಮಾಡ್ಲಿ ಅಂತ ಪ್ರಶ್ನೆ.

ಮೊಳೆ ಬೇಡ. ಕಡಿಯೋ ವಿಷಯ ಆಮೇಲೆ. ಮೊದಲು ಹೂವಿನ ತೊಟ್ಟು ನೋಡಿ. ಉದ್ದನೆಯ ತೊಟ್ಟುಗಳು ಜಡೆ ಥರ ಇಳಿಬಿದ್ದು, ಅದರ ತುಂಬ ಸಣ್ಣ ಕೊಳವೆಯಂಥ ಹೂವಿದ್ರೆ ಅದು ಗಂಡು ಗಿಡ. ಹೂವು ಕಾಂಡಕ್ಕೆ ಅಂಟಿಕೊಂಡ ಹಾಗೆ ಎಲೆಯ ಬುಡದಲ್ಲಿದ್ದು, ದಪ್ಪಗಿದ್ದು, ಎಸಳು ಬಿಡಿಸಿದಾಗ ಒಳಗೆ ದುಂಡನೆಯ ಹೀಚು ಮಾತ್ರ ಕಂಡ್ರೆ ಹೆಣ್ಣು. ಇನ್ನು ಮೂರನೇದೊಂದಿದೆ: ದ್ವಿಲಿಂಗಿ. ಅದರ ಒಂದೇ ಹೂವಿನಲ್ಲಿ ಉದ್ದನೆಯ ಹೀಚೂ ಇರತ್ತೆ, ಸುತ್ತ ಹಳದಿ ಪರಾಗದ ಕೇಸರಗಳೂ ಇರ್ತವೆ. ಅಂಗಡಿಯಲ್ಲಿ ಸಿಗೋ ಉದ್ದನೆಯ ಪರಂಗಿ ಸಾಮಾನ್ಯವಾಗಿ ಈ ದ್ವಿಲಿಂಗಿ ಗಿಡದ್ದು, ದುಂಡನೆಯದು ಹೆಣ್ಣು ಗಿಡದ್ದು.

ಇದನ್ನ ನಿರ್ಧಾರ ಮಾಡೋದು ಬೀಜದೊಳಗಿನ ಕ್ರೋಮೋಸೋಮ್. ನಮ್ಮ ಹಾಗೇ ಎರಡು ಎಕ್ಸ್ ಇದ್ರೆ ಹೆಣ್ಣು, ಎಕ್ಸ್ ಮತ್ತು ವೈ ಇದ್ರೆ ಗಂಡು. ಆದ್ರೆ ಪರಂಗಿಯಲ್ಲಿ ವೈ ಎರಡು ಥರ ಇದೆ. ಒಂದು ಗಂಡು ಮಾಡತ್ತೆ, ಇನ್ನೊಂದು ದ್ವಿಲಿಂಗಿ ಮಾಡತ್ತೆ. ಎರಡು ವೈ ಒಟ್ಟಿಗೆ ಸೇರಿದ್ರೆ ಆ ಭ್ರೂಣ ಬದುಕೋದೇ ಇಲ್ಲ.

ಹಾಗಾದ್ರೆ ಮೊಳೆ ಹೊಡೆದ್ರೆ ಗಂಡು ಹೆಣ್ಣಾಯ್ತು ಅಂತ ಇಷ್ಟು ಜನ ಯಾಕೆ ಹೇಳ್ತಾರೆ? ಅವರು ಸುಳ್ಳು ಹೇಳ್ತಿಲ್ಲ. ಗಂಡು ಮತ್ತು ದ್ವಿಲಿಂಗಿ ಗಿಡಗಳ ಹೂವು ಹವಾಮಾನ ನೋಡಿ ಬದಲಾಗ್ತವೆ. ಬಿಸಿಲು ಜೋರಾದಾಗ ದ್ವಿಲಿಂಗಿ ಗಿಡದ ಹೂವಿನಲ್ಲಿ ಹೀಚು ಕುಗ್ಗಿ ಬರೀ ಗಂಡು ಹೂವಿನಂತಾಗಬಹುದು. ಕಾಲ ಬದಲಾದಾಗ ಮತ್ತೆ ಕಾಯಿ ಕಚ್ಚತ್ತೆ. ಗಂಡು ಗಿಡದಲ್ಲೂ ಅಪರೂಪಕ್ಕೆ ಆ ಉದ್ದ ತೊಟ್ಟಿನ ತುದಿಯಲ್ಲಿ ಕಾಯಿ ನೇತಾಡೋದುಂಟು. ಮೊಳೆ ಹೊಡೆದ ಮೇಲೆ ಕಾಲ ಬದಲಾಯ್ತು, ಹೆಸರು ಮೊಳೆಗೆ ಬಂತು. ಹೆಣ್ಣು ಗಿಡ ಮಾತ್ರ ಹೀಗೆ ಬದಲಾಗಲ್ಲ.

ಈಗ ಕಡಿಯೋ ವಿಷಯ. ಉದ್ದ ತೊಟ್ಟಿನ ಗಂಡು ಅಂತ ಖಾತ್ರಿಯಾದ್ರೆ, ಮೊದಲು ನಿಮ್ಮ ಬೀದಿಯಲ್ಲಿ ಒಂದು ಸುತ್ತು ಹೋಗಿಬನ್ನಿ. ಅಕ್ಕಪಕ್ಕ ಹೆಣ್ಣು ಗಿಡ ಇದ್ದು, ಪರಾಗ ಕೊಡೋ ಬೇರೆ ಗಿಡ ಇಲ್ಲದಿದ್ರೆ, ಅವರ ಮನೆಯ ಹಣ್ಣು ನಿಮ್ಮ ಈ 'ದಂಡದ' ಗಿಡದ ಮೇಲೆ ನಿಂತಿರಬಹುದು. ತೋಟದಲ್ಲೇ ಸುಮಾರು 10 ಹೆಣ್ಣಿಗೆ 1 ಗಂಡು ಉಳಿಸಿಕೊಳ್ತಾರೆ. ಯಾವ ಹೆಣ್ಣೂ ಇಲ್ವಾ? ಹಾಗಾದ್ರೆ ಅತ್ತೆ ಹೇಳಿದ್ದು ಸರಿ. 30×40 ಸೈಟಿನಲ್ಲಿ ಮಣ್ಣು ಉಳಿದಿರೋದೇ ಎರಡಡಿ, ಅದನ್ನ ಸುಮ್ಮನೆ ಬಿಟ್ಟುಕೊಡೋಕಾಗಲ್ಲ.

ಆ ಜಾಗದಲ್ಲಿ ಮತ್ತೇನು ಹಾಕೋದು? ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ, ಐಐಎಚ್‌ಆರ್, 'ಸೂರ್ಯ', 'ಅರ್ಕಾ ಪ್ರಭಾತ್' ತಳಿಗಳನ್ನ ಕೊಟ್ಟಿದೆ. ಕೊಡಗಿನ ಚೆಟ್ಟಳ್ಳಿಯಲ್ಲಿರೋ ಅದರ ಕೇಂದ್ರದಿಂದ ಬಂದದ್ದು 'ಕೂರ್ಗ್ ಹನಿ ಡ್ಯೂ'. ಇವುಗಳ ಶುದ್ಧ ಬೀಜದಲ್ಲಿ ಗಂಡು ಗಿಡ ಬರಲ್ಲ, ಹೆಣ್ಣು ಇಲ್ಲವೇ ದ್ವಿಲಿಂಗಿ ಅಷ್ಟೇ. ದ್ವಿಲಿಂಗಿ ಹೂವು ತನ್ನದೇ ಪರಾಗದಿಂದ ಬೀಜ ಕಟ್ಟಿದ್ರೆ, ಮೂರರಲ್ಲಿ ಎರಡು ಪಾಲು ಮತ್ತೆ ದ್ವಿಲಿಂಗಿ. ಒಂದೇ ಗುಂಡಿಗೆ ಮೂರು ಸಸಿ ಇಟ್ಟು, ಹೂವು ಬಂದ ಮೇಲೆ ಒಂದನ್ನ ಉಳಿಸಿಕೊಳ್ಳಿ. ಮೂರರಲ್ಲಿ ಒಂದೂ ದ್ವಿಲಿಂಗಿ ಆಗದಿರೋ ಸಾಧ್ಯತೆ 27ರಲ್ಲಿ 1. ಬಿ.ಕಾಂ.ನ ಸ್ಟ್ಯಾಟಿಸ್ಟಿಕ್ಸ್ ಪೇಪರ್ ನನಗೆ ಕೆಲಸಕ್ಕೆ ಬಂದದ್ದು ಇಲ್ಲೇ! ಅದೇ ಗಂಡು-ಹೆಣ್ಣು ಬೇರೆ ಬೇರೆ ಇರೋ ನಾಟಿ ಬೀಜವಾದ್ರೆ, ಮೂರಕ್ಕೆ ಮೂರೂ ಗಂಡಾಗೋ ಸಾಧ್ಯತೆ 8ರಲ್ಲಿ 1. ಒಂಟಿ ಗಿಡ ಇಡೋರಿಗೆ ದ್ವಿಲಿಂಗಿಯೇ ವಾಸಿ, ಅದಕ್ಕೆ ಜೊತೆ ಬೇಕಿಲ್ಲ.

ಟೆರೇಸ್ ಮೇಲೆ ಬಳ್ಳಿ ಹಾಕಿರೋರ ಗೋಳು ಬೇರೆ. ಸಿಹಿಗುಂಬಳ, ಹೀರೆ, ಸೋರೆ, ಸೌತೆ, ಹಾಗಲ, ಇವುಗಳಲ್ಲಿ ಸಾಮಾನ್ಯವಾಗಿ ಒಂದೇ ಬಳ್ಳಿಯಲ್ಲಿ ಗಂಡು ಹೂವು, ಹೆಣ್ಣು ಹೂವು ಎರಡೂ ಬಿಡ್ತವೆ. ಹೂವಿನ ಹಿಂದೆ ಪುಟ್ಟ ಕಾಯಿಯ ಆಕಾರ ಇದ್ರೆ ಹೆಣ್ಣು, ಬರೀ ತೊಟ್ಟಿದ್ರೆ ಗಂಡು. ಮೊದಲ ಕೆಲವು ದಿನ ಬರೋದು ಹೆಚ್ಚಾಗಿ ಗಂಡು ಹೂವೇ. ಅವು ಉದುರಿದ್ರೆ ರೋಗ ಅಂದ್ಕೊಂಡು ಔಷಧಿ ಹೊಡೀಬೇಡಿ, ಬರೋ ನಾಲ್ಕು ಜೇನೂ ಸಾಯ್ತವೆ. ಆದ್ರೆ ಹೆಣ್ಣು ಹೂವಿನ ಹಿಂದಿನ ಹೀಚು ಹಳದಿಯಾಗಿ ಉದುರ್ತಿದ್ರೆ, ಪರಾಗ ತಲುಪಿಲ್ಲ ಅನ್ನೋ ಅನುಮಾನ ಮೊದಲು ಬರಬೇಕು. ಗಂಡು ಹೂವು ಕಿತ್ತು, ಎಸಳು ತೆಗೆದು, ಮಧ್ಯದ ಹಳದಿ ಕಡ್ಡಿಯನ್ನ ಹೆಣ್ಣು ಹೂವಿನ ನಡುವೆ ಮೆತ್ತಗೆ ಸವರಿ. ಮುಗೀತು.

ಹೊತ್ತು ಮಾತ್ರ ತಪ್ಪಬಾರದು. ಗುಂಬಳ ಬೆಳಕು ಹರಿಯೋ ಹೊತ್ತಿಗೆ ಅರಳತ್ತೆ, ಬಿಸಿಲೇರೋದ್ರೊಳಗೆ ಮುದುಡತ್ತೆ. ಆಫೀಸಿಗೆ ಮೆಟ್ರೋ ಹಿಡಿಯೋ ಮುಂಚೆ ಮೇಲೆ ಹತ್ತಿ. ಹೀರೆ, ಸೋರೆ ಅರಳೋದು ಸಂಜೆ. ಕೋಣನಕುಂಟೆ ಕ್ರಾಸ್‌ನಲ್ಲಿ ಇಳಿದು ಮನೆಗೆ ಬಂದು, ಕಾಫಿ ಕುಡಿದು ಮೇಲೆ ಹೋದ್ರೂ ಸಾಕು.